ಇದನ್ನ ನೋಡ್ತಿರೋದು ಯಾರು?

ವಿಡಿಯೊ ಗೇಮ್ ಮತ್ತು ಸಿನಿಮಾಗಳಿಗೆ ದೃಶ್ಯ ಕಟ್ಟುವುದು ನನ್ನ ಕೆಲಸ. ಆ ಕೆಲಸ ಕಳೆದುಕೊಂಡು ಕೆರೆಕಟ್ಟೆಗೆ ವಾಪಸ್ ಬಂದಾಗ, ಅದರ ಮೊದಲ ಪಾಠವನ್ನು ನನಗೆ ಮತ್ತೆ ಹೇಳಿಕೊಟ್ಟಿದ್ದು ಅಜ್ಜಿ.

'ಅಲ್ಲ ಮಾರಾಯ್ತಿ, ನಿನ್ನ ಕ್ಯಾಮೆರಾ ಎಲ್ಲಿ?'

ಕೆಲಸಕ್ಕೆ ಸೇರಿದ ಮೊದಲ ವರ್ಷ ದೀಪಾವಳಿಗೆ ಊರಿಗೆ ಬಂದಾಗ ಅಪ್ಪ ಕೇಳಿದ ಪ್ರಶ್ನೆ ಇದು. ಸೀನ್ ತೆಗೆಯುವ ಕೆಲಸ ಅಂತ ನಾನು ಫೋನಿನಲ್ಲಿ ಹೇಳಿದ್ದೆ. ಅಪ್ಪನಿಗೆ ಶೂಟಿಂಗ್ ಅಂದರೆ ಆಗುಂಬೆ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಅಲ್ಲಿ 'ಮಾಲ್ಗುಡಿ ಡೇಸ್' ತೆಗೆಯುತ್ತಿದ್ದಾಗ, ಹೈಸ್ಕೂಲ್ ಹುಡುಗನಾಗಿದ್ದ ಅಪ್ಪ ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ನೋಡಲು ಹೋಗಿದ್ದರಂತೆ. ಮೂರು ಕಾಲಿನ ಸ್ಟ್ಯಾಂಡ್, ಕಪ್ಪು ಕ್ಯಾಮೆರಾ, ಸುತ್ತ ಹತ್ತಾರು ಜನ. ಮಗಳು ಹಾಗೆ ಏನನ್ನೋ ಹಿಡಿದುಕೊಂಡು ಬರುತ್ತಾಳೆ ಅಂದುಕೊಂಡಿದ್ದರು. ನಾನು ಬಂದಿದ್ದು ಒಂದು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು.

'ನನ್ನ ಕ್ಯಾಮೆರಾ ಕಂಪ್ಯೂಟರ್ ಒಳಗೆ ಇರೋದು ಅಪ್ಪ' ಅಂದೆ.

'ಹಂಗಾದ್ರೆ ತೂಕ ಇಲ್ಲ' ಅಂದರು.

ಆಗ ನಕ್ಕುಬಿಟ್ಟಿದ್ದೆ. ತೂಕವಿಲ್ಲದ ಕ್ಯಾಮೆರಾವೇ ಈ ಕೆಲಸದ ದೊಡ್ಡ ಕಷ್ಟ ಅಂತ ಅರ್ಥವಾಗಲು ನನಗೆ ಏಳು ವರ್ಷ ಬೇಕಾಯಿತು.

ಏನು ಕೆಲಸ ಇದು?

ನೀವು ಫೋನಿನಲ್ಲೋ ಪ್ಲೇಸ್ಟೇಷನ್ನಿನಲ್ಲೋ ಕಥೆಯಿರುವ ಗೇಮ್ ಆಡಿದ್ದರೆ ಇದು ಗೊತ್ತಿರುತ್ತದೆ. ಓಡುವುದು, ಹಾರುವುದು, ಹೊಡೆಯುವುದು ನಿಮ್ಮ ಕೈಯಲ್ಲಿರುತ್ತದೆ. ಒಂದು ಹಂತಕ್ಕೆ ಬಂದಾಗ ಕಂಟ್ರೋಲ್ ನಿಮ್ಮ ಕೈತಪ್ಪುತ್ತದೆ. ಪಾತ್ರಗಳು ಮಾತಾಡಲು ಶುರು ಮಾಡುತ್ತವೆ, ಯಾರೋ ಸಾಯುತ್ತಾರೆ, ಯಾರೋ ಮೋಸ ಮಾಡುತ್ತಾರೆ, ಆಮೇಲೆ ಆಟ ಮತ್ತೆ ನಿಮ್ಮ ಕೈಗೆ ಬರುತ್ತದೆ. ನಡುವಿನ ಆ ತುಣುಕಿಗೆ ಕಟ್‌ಸೀನ್ ಅನ್ನುತ್ತಾರೆ. ಅದನ್ನು ಕಟ್ಟುವವರು ಸಿನೆಮ್ಯಾಟಿಕ್ ಡಿಸೈನರ್.

ಕಥೆ ನಮ್ಮದಲ್ಲ, ಬರೆಯುವವರು ಬೇರೆ ಇದ್ದಾರೆ. ಪಾತ್ರದ ರೂಪ, ಬಟ್ಟೆ, ಕೂದಲು ಮಾಡುವವರೂ ಬೇರೆ. ಧ್ವನಿ ಕೊಡುವವರು, ಮೈತುಂಬ ಸೆನ್ಸರ್ ಕಟ್ಟಿಕೊಂಡು ನಟಿಸುವವರು, ಬೆಳಕು ಹಾಕುವವರು ಎಲ್ಲ ಬೇರೆ. ನಮ್ಮ ಕೈಗೆ ಮೊದಲು ಬರುವುದು ಎರಡು ಪುಟದ ಸ್ಕ್ರಿಪ್ಟ್ ಮತ್ತು ಆಫೀಸಿನ ಯಾರೋ ಒಬ್ಬರು ಸದ್ಯಕ್ಕೆ ಅಂತ ಓದಿಕೊಟ್ಟ ಆಡಿಯೊ. ಬೂದು ಬಣ್ಣದ ಗೊಂಬೆಗಳನ್ನು ಜಾಗದಲ್ಲಿ ನಿಲ್ಲಿಸುತ್ತೇವೆ. ಇವನು ಎಲ್ಲಿ ನಿಂತು ಮಾತಾಡಬೇಕು, ಅವಳು ಯಾವಾಗ ತಿರುಗಬೇಕು, ಮಾತು ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು, ಕ್ಯಾಮೆರಾ ಎಲ್ಲಿಡಬೇಕು, ಯಾವ ಲೆನ್ಸ್, ಎಲ್ಲಿ ಕಟ್. ಇಷ್ಟೇ ಕೆಲಸ. ಆದರೆ ಇಷ್ಟು ತಪ್ಪಿದರೆ ಉಳಿದವರೆಲ್ಲರ ಕೆಲಸವೂ ತಪ್ಪಿದ ಹಾಗೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದರೆ ತಲೆಗೆ ಹೋಗಲಿಲ್ಲ. ಕೊನೆಗೆ ಆಟದ ಭಾಷೆಯಲ್ಲೇ ಹೇಳಿದೆ. ನಮ್ಮ ಕಡೆ ಆಟ ಅಂದರೆ ಯಕ್ಷಗಾನ. 'ಅಪ್ಪ, ವೇಷ ನಂದಲ್ಲ, ಅರ್ಥ ಹೇಳೋದೂ ನಾನಲ್ಲ. ಒಡ್ಡೋಲಗಕ್ಕೆ ತೆರೆ ಯಾವಾಗ ಇಳಿಸಬೇಕು, ಪದ ಎಲ್ಲಿ ಎಳೀಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ನಂದು.'

'ಓ, ಭಾಗವತಿಕೆ!' ಅಂದರು. ಅಂದಿನಿಂದ ಊರಲ್ಲಿ ಯಾರು ಕೇಳಿದರೂ ಅಪ್ಪ ಹಾಗೇ ಹೇಳುತ್ತಾರೆ: 'ಮಗಳು ಕಂಪ್ಯೂಟರಲ್ಲಿ ಭಾಗವತಿಕೆ ಮಾಡ್ತಾಳೆ.'

ಆ ಹೋಲಿಕೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಸರಿಯಾಗಿತ್ತು. ಭಾಗವತರಿಗೆ ಪ್ರಸಂಗ ಗೊತ್ತಿರುತ್ತದೆ, ಇವತ್ತು ವೇಷಧಾರಿ ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ಗೊತ್ತಿರುವುದಿಲ್ಲ. ಗೇಮ್‌ನಲ್ಲಿ ನಮ್ಮ ಪಾಡೂ ಹಾಗೇ. ಸಿನಿಮಾದ ದೃಶ್ಯ ಪ್ರತಿಸಲವೂ ಒಂದೇ ಥರ ನಡೆಯುತ್ತದೆ. ಗೇಮ್‌ನಲ್ಲಿ ಆಟಗಾರ ಯಾವ ಬಟ್ಟೆ ಹಾಕಿಕೊಂಡು ಬರುತ್ತಾನೋ, ರಾತ್ರಿ ಬರುತ್ತಾನೋ ಹಗಲು ಬರುತ್ತಾನೋ, ಯಾವ ಗೆಳೆಯನನ್ನು ಹಿಂದಿನ ಹಂತದಲ್ಲೇ ಸಾಯಲು ಬಿಟ್ಟು ಬಂದಿದ್ದಾನೋ ಹೇಳಲಾಗದು. ಅದೆಲ್ಲಕ್ಕೂ ಒಂದೇ ದೃಶ್ಯ ಹೊಂದಬೇಕು.

ನನ್ನ ಮೊದಲ ದೊಡ್ಡ ದೃಶ್ಯ, ತಾಯಿಯ ಮಡಿಲಲ್ಲಿ ಮಗ ತಲೆಯಿಟ್ಟು ಅಳುವುದು. ಎರಡು ವಾರ ಕೂತು ಮಾಡಿದೆ. ಟೆಸ್ಟಿಂಗ್ ಹುಡುಗ ಆಡಿ ನೋಡಿದಾಗ, ನಾಯಕ ಅಂಗಡಿಯಲ್ಲಿ ಕೊಂಡ ಆರಡಿ ಕತ್ತಿ ಬೆನ್ನಿನಿಂದ ಹೊರಟು ಅಮ್ಮನ ಹೊಟ್ಟೆಯೊಳಗೆ ಹಾದುಹೋಗಿತ್ತು. ಇಡೀ ಫ್ಲೋರ್ ಬಿದ್ದು ಬಿದ್ದು ನಕ್ಕಿತು. ದೃಶ್ಯ ಶುರುವಾಗುವ ಮುಂಚೆ ಕತ್ತಿ ಮಾಯ ಮಾಡಬೇಕು ಅನ್ನುವುದು ಅವತ್ತು ಕಲಿತ ಪಾಠ. ಇನ್ನೊಂದು ಪಾಠವನ್ನು ಎಲ್ಲರೂ ಕಲಿಯುತ್ತಾರೆ: ಇಷ್ಟೆಲ್ಲ ಮಾಡಿದ್ದನ್ನು ಅರ್ಧಕ್ಕರ್ಧ ಜನ 'ಸ್ಕಿಪ್' ಒತ್ತಿ ದಾಟಿ ಹೋಗುತ್ತಾರೆ.

ಸಿನಿಮಾದಲ್ಲೂ ಇದೇ ಕೈ

ಗೇಮ್‌ಗೆ ಬರುವ ಮುಂಚೆ ಎರಡು ವರ್ಷ ಸಿನಿಮಾಗಳಿಗೆ ಪ್ರೀವಿಸ್ ಮಾಡಿದ್ದೆ. ಅಂದರೆ, ಕೋಟಿಗಟ್ಟಲೆ ಖರ್ಚಾಗುವ ಫೈಟನ್ನೋ ಪ್ರವಾಹದ ದೃಶ್ಯವನ್ನೋ ಶೂಟಿಂಗಿಗೆ ಮುಂಚೆಯೇ ಕಂಪ್ಯೂಟರಿನಲ್ಲಿ ಒರಟಾಗಿ ಮಾಡಿ ನಿರ್ದೇಶಕರಿಗೆ ತೋರಿಸುವುದು. ಅಲ್ಲಿ ನಿಜವಾದ ಕ್ರೇನ್ ಎಷ್ಟು ಎತ್ತರ ಹೋಗುತ್ತದೋ ನಮ್ಮ ಕ್ಯಾಮೆರಾವೂ ಅಷ್ಟೇ ಹೋಗಬೇಕು. ಆಗದ ಶಾಟ್ ತೋರಿಸಿದರೆ ಛಾಯಾಗ್ರಾಹಕರು ಬೈಯುತ್ತಾರೆ.

ಈಗ ಎರಡು ಕಡೆಯೂ ಸಲಕರಣೆ ಒಂದೇ. ಗೇಮ್ ಮಾಡಲು ಹುಟ್ಟಿದ ಅನ್‌ರಿಯಲ್ ಎಂಜಿನ್ ಅನ್ನು 2019ರ 'ದಿ ಮ್ಯಾಂಡಲೋರಿಯನ್' ಸರಣಿಯಲ್ಲಿ ನಟರ ಹಿಂದಿನ ದೊಡ್ಡ ಎಲ್‌ಇಡಿ ಗೋಡೆಗಳ ಮೇಲೆ ಮರುಭೂಮಿ, ಆಕಾಶ ತೋರಿಸಲು ಬಳಸಿದರು. ಹಾಗಾಗಿ ನನ್ನಂಥವರು ಸಿನಿಮಾದಿಂದ ಗೇಮ್‌ಗೆ, ಗೇಮ್‌ನಿಂದ ಸಿನಿಮಾಗೆ ಓಡಾಡಿಕೊಂಡಿರಬಹುದು.

ಇದಕ್ಕೆಲ್ಲ ಹೊರದೇಶಕ್ಕೇ ಹೋಗಬೇಕು ಅಂತಿಲ್ಲ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ದು 1997ರಲ್ಲಿ. 'ಗ್ರ್ಯಾಂಡ್ ಥೆಫ್ಟ್ ಆಟೊ' ಮಾಡುವ ರಾಕ್‌ಸ್ಟಾರ್ 2019ರಲ್ಲಿ ಅದನ್ನು ಕೊಂಡುಕೊಂಡಿತು. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗಿಗೆ ಅಂತಲೇ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿತ್ತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ಆಡಿ ನೋಡಿ. ಅದರ ಕಥೆ ಹೇಳುವ ದೃಶ್ಯಗಳು ಪರದೆಯ ಹಿಂದೆ ದೀಪವಿಟ್ಟು ಆಡಿಸುವ ನಮ್ಮ ತೊಗಲುಗೊಂಬೆಯಾಟದ ಥರವೇ ಇವೆ.

ಹದಿನೈದು ನಿಮಿಷದ ಕಾಲ್

2024ರ ನವೆಂಬರಿನ ಒಂದು ಬುಧವಾರ, ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷದ ವಿಡಿಯೊ ಕಾಲ್ ಬಂದು ಕೂತಿತ್ತು. ನಾವು ಎರಡು ವರ್ಷದಿಂದ ಮಾಡುತ್ತಿದ್ದ ಗೇಮ್ ನಿಲ್ಲಿಸಿದ್ದಾರೆ, ತಂಡವನ್ನೂ. ಕಾಲ್ ಮುಗಿಯುವುದರೊಳಗೆ ನನ್ನ ಲಾಗಿನ್ ಕೆಲಸ ಮಾಡುವುದು ನಿಂತಿತ್ತು.

ಕೆಲಸ ಹೋಗಿದ್ದಕ್ಕಿಂತ ಮುಂದಿನ ಪೆಟ್ಟು ದೊಡ್ಡದು. ಬಿಡುಗಡೆಯಾಗದ ಗೇಮ್‌ನ ಒಂದು ಫ್ರೇಮನ್ನೂ ಹೊರಗೆ ತೋರಿಸುವಂತಿಲ್ಲ ಅಂತ ಕರಾರಿನಲ್ಲಿತ್ತು. ನಮ್ಮ ಕ್ಷೇತ್ರದಲ್ಲಿ ಮಾರ್ಕ್ಸ್‌ಕಾರ್ಡ್ ಯಾರೂ ಕೇಳುವುದಿಲ್ಲ. ರೀಲ್ ಕೇಳುತ್ತಾರೆ, ಅಂದರೆ ನೀವು ಮಾಡಿದ ಕೆಲಸದ ಒಂದೂವರೆ ನಿಮಿಷದ ವಿಡಿಯೊ. ನನ್ನ ಜೀವನದ ಅತಿ ಒಳ್ಳೆಯ ಕೆಲಸ ಯಾವುದೋ ಸರ್ವರಿನಲ್ಲಿ ಉಳಿಯಿತು. ಕೈಯಲ್ಲಿ ಉಳಿದದ್ದು ಐದು ವರ್ಷ ಹಳೆಯ ಪ್ರೀವಿಸ್.

ಕಾಲವೂ ಕೆಟ್ಟದಿತ್ತು. 2023ರಲ್ಲಿ ಹಾಲಿವುಡ್ಡಿನ ಬರಹಗಾರರು 148 ದಿನ ಮುಷ್ಕರ ಮಾಡಿದರು, ನಟರೂ ಸೇರಿಕೊಂಡರು. ಅಲ್ಲಿ ಶೂಟಿಂಗ್ ನಿಂತರೆ ಇಲ್ಲಿಗೆ ಬರುವ ಕೆಲಸವೂ ನಿಲ್ಲುತ್ತದೆ. ನಾನು ಅರ್ಜಿ ಹಾಕುತ್ತಾ ಕೂತಿದ್ದ 2025ರ ಫೆಬ್ರವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹವೇ ಕುಸಿಯಿತು. ಬೆಂಗಳೂರು, ಮುಂಬೈಗಳಲ್ಲಿ ಸಾವಿರಾರು ಕಲಾವಿದರು ಒಮ್ಮೆಲೇ ಕೆಲಸ ಹುಡುಕಲು ಬೀದಿಗೆ ಬಂದರು. ಒಂದು ಖಾಲಿ ಜಾಗಕ್ಕೆ ನನಗಿಂತ ಹತ್ತು ವರ್ಷ ಹೆಚ್ಚು ಅನುಭವ ಇದ್ದವರು ಅರ್ಜಿ ಹಾಕುತ್ತಿದ್ದರು.

ಏಪ್ರಿಲ್‌ನಲ್ಲಿ ರೂಮು ಖಾಲಿ ಮಾಡಿದೆ. ಸಿಪಿಯುಗೆ ಕಂಬಳಿ ಸುತ್ತಿ, ಶೃಂಗೇರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅಮ್ಮ ಏನೂ ಕೇಳಲಿಲ್ಲ. ಕಷಾಯ ಕೊಟ್ಟು, 'ಬಚ್ಚಲಲ್ಲಿ ಬಿಸಿ ನೀರಿದೆ' ಅಂದರು.

ಮನೆಗೂ ನೋಟಿಸ್ ಪೀರಿಯಡ್

ಕೆರೆಕಟ್ಟೆ ಗೊತ್ತಿಲ್ಲದವರಿಗೆ: ಶೃಂಗೇರಿಯಿಂದ ಕಾರ್ಕಳದ ಕಡೆ ಹೋಗುವಾಗ ನೆಮ್ಮಾರು ದಾಟಿ ಮುಂದೆ ಸಿಗುವ ಊರು. ಮಳೆಗಾಲದಲ್ಲಿ ಜಿಲ್ಲೆಯ ಮಳೆ ಲೆಕ್ಕ ಪೇಪರಿನಲ್ಲಿ ಬರುತ್ತದಲ್ಲ, ಅದರಲ್ಲಿ ನಮ್ಮೂರಿನ ಹೆಸರು ಮೇಲುಗಡೆಯೇ ಇರುತ್ತದೆ. ಸುತ್ತ ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಅದರ ಘೋಷಣೆ ಆದಾಗಿನಿಂದ 'ಇರೋದಾ, ಹೋಗೋದಾ' ಅನ್ನುವುದು ನಮ್ಮ ಕಡೆ ಪ್ರತಿ ಮನೆಯ ಜಗಲಿಯ ಮಾತು. ಪರಿಹಾರ ತೆಗೆದುಕೊಂಡು ಸ್ವಇಚ್ಛೆಯಿಂದ ಹೊರಗೆ ಹೋದವರಿದ್ದಾರೆ, ಬಿಡುವುದಿಲ್ಲ ಅಂತ ಕೂತವರೂ ಇದ್ದಾರೆ. ಇಬ್ಬರ ಹತ್ತಿರವೂ ಕಾರಣಗಳಿವೆ.

ನಮ್ಮ ಮನೆಯವರು ಅರ್ಜಿ ಕೊಟ್ಟು ವರ್ಷಗಳೇ ಆಗಿದ್ದವು. ಅಪ್ಪನಿಗೆ ತೋಟದ ಕೆಲಸ ಕೈಲಾಗುತ್ತಿರಲಿಲ್ಲ. ರಾತ್ರಿ ಅಜ್ಜಿಗೆ ಉಸಿರು ಕಟ್ಟಿದರೆ ಆಸ್ಪತ್ರೆ ದೂರ. ನಾನಂತೂ ವರ್ಷಕ್ಕೆರಡು ಸಲ ಬರುವ ನೆಂಟಳು. ನಾನು ಸಿಪಿಯು ಹೊತ್ತುಕೊಂಡು ಬಂದ ವಾರವೇ ಅಪ್ಪ ಹೇಳಿದರು: 'ಈ ಮಳೆಗಾಲ ಒಂದು ಇಲ್ಲಿ. ಆಮೇಲೆ ಕೊಪ್ಪದ ಕಡೆ.'

ನನಗೆ ಆಗ ಅನ್ನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಮೊದಲು ದುಃಖವಾಗಲಿಲ್ಲ. ರೀಲ್‌ಗೆ ಒಂದು ಒಳ್ಳೆಯ ಸಬ್ಜೆಕ್ಟ್ ಸಿಕ್ಕಿತು ಅನ್ನಿಸಿತು.

ಎರಡು ಸಾವಿರ ಫೋಟೊ

ಯಾವುದೇ ವಸ್ತುವನ್ನು ಸುತ್ತಲೂ ನೂರಾರು ಕೋನಗಳಿಂದ ಫೋಟೊ ತೆಗೆದು ಕೊಟ್ಟರೆ, ಅದನ್ನು ಮೂರು ಆಯಾಮದ ಮಾದರಿಯಾಗಿ ಜೋಡಿಸಿಕೊಡುವ ತಂತ್ರಾಂಶಗಳಿವೆ. ಫೊಟೊಗ್ರಾಮೆಟ್ರಿ ಅನ್ನುತ್ತಾರೆ. ಇದಕ್ಕೆ ಬಿಸಿಲು ಶತ್ರು, ನೆರಳು ಗೋಡೆಗೇ ಅಂಟಿಕೊಂಡುಬಿಡುತ್ತದೆ. ಮೋಡ ಮುಚ್ಚಿದ ಬೆಳಕು ಬೇಕು. ಮೇ ತಿಂಗಳ ಮಲೆನಾಡಿನಲ್ಲಿ ಅದಕ್ಕೇನು ಬರ? ಮಧ್ಯಾಹ್ನದ ಮೋಡ ಕಟ್ಟಿದ ಹೊತ್ತಿನಲ್ಲಿ ಎಂಟು ದಿನ, ಸುಮಾರು ಎರಡು ಸಾವಿರ ಫೋಟೊ ತೆಗೆದೆ. ಜಗಲಿ, ಕಂಬ, ಅಟ್ಟದ ಏಣಿ, ಬಚ್ಚಲ ಒಲೆ, ಕೊಟ್ಟಿಗೆ, ಉಣುಗೋಲು. ಗೋಡೆ, ಕಂಬ, ಕಲ್ಲು ಚೆನ್ನಾಗಿ ಬಂದವು. ಎಲೆ, ನೀರು, ಹೊಳೆಯುವ ಪಾತ್ರೆ ಬರುವುದಿಲ್ಲ. ತೋಟದ ಅಡಿಕೆ ಮರಗಳನ್ನೆಲ್ಲ ಕೈಯಲ್ಲೇ ಮಾಡಿದೆ.

ಆ ವರ್ಷ ಮುಂಗಾರು ಮೇ ಕೊನೆಗೇ ಬಂದುಬಿಟ್ಟಿತು. ಕರೆಂಟ್ ಇದ್ದಾಗ ಕೆಲಸ, ಇಲ್ಲದಾಗ ಅಮ್ಮನ ಜೊತೆ ಹಲಸಿನ ಹಪ್ಪಳ. ಜುಲೈ ಮೊದಲ ವಾರ ನನ್ನ ದೃಶ್ಯ ತಯಾರಾಯಿತು. ಐವತ್ತು ಸೆಕೆಂಡ್, ಹನ್ನೊಂದು ಕಟ್. ಮಂಜು ಹೊದ್ದ ಕಾಡಿನ ಮೇಲಿಂದ ಕ್ಯಾಮೆರಾ ಹಾರಿ ಬಂದು, ಅಡಿಕೆ ಮರಗಳ ನಡುವೆ ಇಳಿದು, ಹೆಂಚಿನ ಮಾಡನ್ನು ಸವರಿಕೊಂಡು, ಉಣುಗೋಲಿನ ಸಂದಿಯಲ್ಲಿ ನುಗ್ಗಿ, ಜಗಲಿ ಹತ್ತಿ, ದೇವರ ದೀಪ ದಾಟಿ, ಅಟ್ಟಕ್ಕೆ ಏರಿ, ಬೆಳಕಿಂಡಿಯಿಂದ ಆಚೆ ಹಾರುತ್ತಿತ್ತು. ಬೆಂಗಳೂರಿನ ಗೆಳತಿಗೆ ಕಳಿಸಿದರೆ ಬೆಂಕಿ ಎಮೋಜಿ ಮೂರು ಬಂದವು.

ಮನೆಯವರಿಗೂ ತೋರಿಸೋಣ ಅಂತ ಜಗಲಿಯಲ್ಲಿ ಮಾನಿಟರ್ ಇಟ್ಟೆ. ಅಪ್ಪ, ಅಮ್ಮ 'ಅಯ್ಯೋ, ನಮ್ಮನೆ!' ಅಂದರು. ಅಜ್ಜಿ ಎರಡು ಸಲ ಹಾಕಿಸಿಕೊಂಡು ನೋಡಿದಳು. ಆಮೇಲೆ ಕೇಳಿದಳು:

'ಚೆಂದ ಇದೆ. ಇದನ್ನ ನೋಡ್ತಿರೋದು ಯಾರು?'

'ಯಾರೂ ಅಲ್ಲ ಅಜ್ಜಿ, ಕ್ಯಾಮೆರಾ.'

'ಯಾರೂ ಅಲ್ಲ ಅಂದ್ರೆ ಎಂಥದು? ಹಕ್ಕಿಯಾ, ದೆವ್ವವಾ?'

ಅಪ್ಪ ಜೋರಾಗಿ ನಕ್ಕರು. ಅಜ್ಜಿ ನಗಲಿಲ್ಲ. 'ಈ ಮನೆ ಮಾಡನ್ನ ಮೇಲಿಂದ ನೋಡಿದ್ದು ಹೆಂಚು ಕೈಯಾಡಿಸೋಕೆ ಬರ್ತಿದ್ದವ್ರು ಮಾತ್ರ. ಅವ್ರೂ ಇಷ್ಟು ಆರಾಮಾಗಿ ನೋಡ್ತಿರ್ಲಿಲ್ಲ, ಕಾಲು ಜಾರ್ತದೆ ಅಂತ.' ಸ್ವಲ್ಪ ಹೊತ್ತು ಬಿಟ್ಟು, 'ಇಲ್ಲಿ ಬಾ' ಅಂತ ಕರೆದಳು.

ಮೂರನೇ ಕಂಬ

ಜಗಲಿಯ ಮೂರನೇ ಕಂಬದ ಪಕ್ಕ ಅಜ್ಜಿಯ ಜಾಗ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಅವಳು ಕೂರುವುದು ಅಲ್ಲೇ. ನಾನು ಯಾವತ್ತೂ ಅಲ್ಲಿ ಕೂತಿರಲಿಲ್ಲ, ಅದು ಅಜ್ಜಿಯ ಜಾಗ ಅಂತ. ಅವತ್ತು ಕೂರಿಸಿದಳು.

ಎದುರಿಗೆ ಅಂಗಳ, ತುಳಸಿಕಟ್ಟೆ, ಅದರಾಚೆ ಉಣುಗೋಲು. ಅದರಾಚೆ ಹಳ್ಳಕ್ಕೆ ಹಾಕಿದ ಸಂಕ, ಅಡಿಕೆ ಮರ ಕಡಿದು ಹಾಸಿದ್ದು. ಸಂಕದ ಆಚೆ ರಸ್ತೆಗೆ ಹತ್ತುವ ದಾರಿ. ಮಳೆಯಲ್ಲಿ ಅದು ಅರ್ಧ ಕಾಣುತ್ತದೆ, ಅರ್ಧ ಇಲ್ಲ. ಬೇರೆ ಯಾವ ಕಂಬದ ಹತ್ತಿರ ಕೂತರೂ ತುಳಸಿಕಟ್ಟೆ ಅಡ್ಡ ಬರುತ್ತದೆ. ಇಲ್ಲಿಂದ ಮಾತ್ರ ಇಡೀ ದಾರಿ ಒಂದು ಗೆರೆಯಲ್ಲಿ ಸಿಗುತ್ತದೆ.

'ನೀನು ಶಾಲೆಯಿಂದ ಬರೋವಾಗ ಮೊದ್ಲು ಛತ್ರಿ ಕಾಣೋದು' ಅಂದಳು ಅಜ್ಜಿ. 'ಆಮೇಲೆ ಸಂಕದ ಮೇಲೆ ಕಾಲು ಕಾಣೋದು. ಮುಖ ಕಾಣೋದು ಉಣುಗೋಲು ದಾಟಿದ ಮೇಲೆ. ಕಾಲು ಕಾಣೋ ತಂಕ ನಂಗೆ ಎಲೆ ಬಾಯಿಗೆ ಹಾಕ್ಕೊಳೋಕೆ ಆಗ್ತಿರ್ಲಿಲ್ಲ.'

ಹಳ್ಳ ಏರಿದ ದಿನ ಸಂಕ ದಾಟಬಾರದು, ಸುತ್ತು ಹಾಕಿ ಬರಬೇಕು ಅಂತ ನಮಗೆ ಹೇಳಿದ್ದರು. ನಾವು ಮಕ್ಕಳು ಕೇಳುತ್ತಿದ್ದೆವಾ? ಹತ್ತು ವರ್ಷ ಆ ಸಂಕದ ಮೇಲೆ ಓಡಾಡಿದವಳು ನಾನು. ಮನೆ ಅಂದರೆ ನನ್ನ ಕಣ್ಣಿಗೆ ಬರುವುದು ಸಂಕದ ಕಡೆಯಿಂದ ಕಾಣುವ ಮನೆ. ಆಚೆ ತುದಿಯಲ್ಲಿ ಯಾರೋ ಕೂತು ನನ್ನ ಕಾಲು ಲೆಕ್ಕ ಹಾಕುತ್ತಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅವತ್ತು ರಾತ್ರಿ ಹನ್ನೊಂದೂ ಶಾಟ್ ತೆಗೆದುಹಾಕಿದೆ. ಟೇಪು ಹಿಡಿದು ಅಳೆದೆ. ಕೂತ ಅಜ್ಜಿಯ ಕಣ್ಣು ಜಗಲಿಯ ನೆಲದಿಂದ 72 ಸೆಂಟಿಮೀಟರ್ ಮೇಲಿತ್ತು. ಕ್ಯಾಮೆರಾವನ್ನು ಅಲ್ಲಿಟ್ಟೆ. ಅಲುಗಾಡಿಸಲಿಲ್ಲ, ಎಲ್ಲೂ ಕಟ್ ಮಾಡಲಿಲ್ಲ. ಒಂದು ನಿಮಿಷ ನಲವತ್ತು ಸೆಕೆಂಡ್. ಮಳೆ. ಏನೂ ಆಗುವುದಿಲ್ಲ. ಮಳೆ ಜೋರಾಗುತ್ತದೆ, ಸಂಕ ಮಸುಕಾಗುತ್ತದೆ. ಬಲಗಡೆ ಮೇಲೆ ಒಂದು ಕಪ್ಪು ಛತ್ರಿ. ಅದು ನಿಲ್ಲುತ್ತದೆ. ಆಮೇಲೆ ಕಾಲು. ಆಮೇಲೆ ಉಣುಗೋಲು. ಅಷ್ಟೇ.

ಎಲ್ಲ ದೊಡ್ಡ ಗೇಮ್‌ಗಳೂ ಕೇಳಿದ್ದು ಇದನ್ನೇ

ಅಜ್ಜಿಯ ಪ್ರಶ್ನೆ ಇಟ್ಟುಕೊಂಡು ನೋಡಿದರೆ ನಮ್ಮ ಕ್ಷೇತ್ರದ ಇತಿಹಾಸವೇ ಬೇರೆ ಥರ ಕಾಣುತ್ತದೆ. 1987ರ 'ಮ್ಯಾನಿಯಾಕ್ ಮ್ಯಾನ್ಷನ್' ಗೇಮ್ ಮಾಡಿದ ರಾನ್ ಗಿಲ್ಬರ್ಟ್ 'ಕಟ್‌ಸೀನ್' ಅನ್ನುವ ಹೆಸರು ಬಳಕೆಗೆ ತಂದವರು. ಆಟಗಾರ ಇಲ್ಲಿರುವಾಗ ಮನೆಯ ಇನ್ನೊಂದು ಕೋಣೆಯಲ್ಲಿ ಏನಾಗುತ್ತಿದೆ ಅಂತ ಕತ್ತರಿಸಿ ತೋರಿಸಿದರು. ಅಲ್ಲಿ ನೋಡುವುದು ಕಥೆ ಹೇಳುವವನು. 1998ರ 'ಹಾಫ್-ಲೈಫ್' ಅದನ್ನು ಬಿಟ್ಟೇಬಿಟ್ಟಿತು. ಕಥೆ ಏನೇ ನಡೆಯಲಿ, ನಾಯಕನ ಕಣ್ಣಿನಿಂದಲೇ ನೋಡಿ ಅಂದಿತು. 2018ರ 'ಗಾಡ್ ಆಫ್ ವಾರ್' ಶುರುವಿನಿಂದ ಕೊನೆಯವರೆಗೆ ಒಂದೂ ಕಟ್ ಇಲ್ಲದೆ, ಅಪ್ಪ ಮಗನ ಹಿಂದೆಯೇ ಬಿಡದೆ ನಡೆಯುತ್ತದೆ. ಜೊತೆಗೆ ಬಂದ ಮೂರನೆಯವರು ನೀವು ಅನ್ನಿಸುವ ಹಾಗೆ.

ಇವರೆಲ್ಲ ತಾಂತ್ರಿಕವಾಗಿ ಏನು ಬೇಕಾದರೂ ಮಾಡಬಹುದಿತ್ತು. ತೂಕವಿಲ್ಲದ ಕ್ಯಾಮೆರಾ ಗೋಡೆ ದಾಟುತ್ತದೆ, ಮೋಡ ಹತ್ತುತ್ತದೆ. ಆದ್ದರಿಂದಲೇ ಅದಕ್ಕೆ ನಾವೇ ಒಂದು ತೂಕ ಕೊಡಬೇಕು, ಇದು ಯಾರ ಕಣ್ಣು, ಅವರು ಎಲ್ಲಿ ಕೂತಿದ್ದಾರೆ, ಅವರಿಗೆ ಏನು ಕಾಣಬಾರದು ಅಂತ. ಕಾಲೇಜಿನಲ್ಲಿ ಇದನ್ನು ಪಾಯಿಂಟ್ ಆಫ್ ವ್ಯೂ ಅಂತ ಬರೆದು ಪಾಸಾಗಿದ್ದೆ. ನನಗೆ ಅರ್ಥವಾಗಿದ್ದು ಮೂರನೇ ಕಂಬದ ಹತ್ತಿರ.

ಮಂಡಿ ನೋವಿನ ಕ್ಯಾಮೆರಾ

ರೀಲ್ ಕಳಿಸಿದೆ. ಒಂದು ಕಡೆ 'ತುಂಬಾ ಸ್ಲೋ, 30 ಸೆಕೆಂಡಿಗೆ ಇಳಿಸಿ' ಅಂದರು. ನಾಲ್ಕು ಕಡೆ ಉತ್ತರವೇ ಬರಲಿಲ್ಲ. ಆಗಸ್ಟ್ ಕೊನೆಗೆ ಒಂದು ಕಡೆಯಿಂದ ಇಂಟರ್‌ವ್ಯೂ. ಊರಲ್ಲಿ ನೆಟ್‌ವರ್ಕ್ ನಂಬಿಕೊಂಡು ಕೂರುವಂತಿಲ್ಲ. ಶೃಂಗೇರಿಯಲ್ಲಿ ನೆಂಟರ ಮನೆಯ ಮಹಡಿ ಕೋಣೆಯಲ್ಲಿ ಕೂತು ಮಾತಾಡಿದೆ.

'ಈ ಶಾಟ್‌ನಲ್ಲಿ ಕ್ಯಾಮೆರಾ ಯಾಕೆ ಅಲುಗಾಡಲ್ಲ?' ಅಂತ ಲೀಡ್ ಕೇಳಿದರು.

'ಅಜ್ಜಿಗೆ ಮಂಡಿ ನೋವು' ಅಂದೆ, ಬಾಯಿಗೆ ಬಂದಿದ್ದು. ಅವರು ನಕ್ಕರು. ಆಮೇಲೆ ಕಥೆ ಹೇಳಿದೆ. ಅರ್ಧ ಗಂಟೆಯ ಮಾತು ಒಂದೂವರೆ ಗಂಟೆ ನಡೆಯಿತು. ಎಂಟು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿತು. ಕಾಯಂ ಕೆಲಸವಲ್ಲ, ಸಂಬಳವೂ ಮುಂಚಿಗಿಂತ ಸ್ವಲ್ಪ ಕಡಿಮೆ. ಮುಂದೇನು ಅನ್ನುವ ಪ್ರಶ್ನೆ ಇನ್ನೂ ಹಾಗೇ ಇದೆ.

ಈ ಕೆಲಸಕ್ಕೆ ಬರುವ ಮನಸ್ಸಿದ್ದರೆ

ಮೆಸೇಜ್ ಮಾಡಿ ಕೇಳುವ ತಮ್ಮ ತಂಗಿಯರಿಗೆ ನಾನು ಹೇಳುವುದು ಇಷ್ಟು:

• ದುಬಾರಿ ಕೋರ್ಸಿಗೆ ಸಾಲ ಮಾಡುವ ಮುಂಚೆ ಮೂರು ತಿಂಗಳು ಮನೆಯಲ್ಲೇ ಕಲಿತು ನೋಡಿ. ಅನ್‌ರಿಯಲ್ ಎಂಜಿನ್ ಕಲಿಯುವವರಿಗೆ ಉಚಿತ. ಅದರಲ್ಲಿ ಸೀಕ್ವೆನ್ಸರ್ ಅನ್ನುವ ಭಾಗವೇ ನಮ್ಮ ಅಡುಗೆಮನೆ.

• ಮೊದಲ ದೃಶ್ಯಕ್ಕೆ ಯುದ್ಧ, ಡ್ರ್ಯಾಗನ್ ಬೇಡ. ಒಂದು ಮೇಜು, ಇಬ್ಬರು ಕೂತು ಮಾತಾಡುವುದು. ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಂಡು, ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಲಿ. ಇಲ್ಲದಿದ್ದರೆ ಯಾರು ಯಾರನ್ನು ನೋಡುತ್ತಿದ್ದಾರೆ ಅಂತ ಗೊಂದಲವಾಗುತ್ತದೆ. ಇದನ್ನು ಚೆನ್ನಾಗಿ ಮಾಡಿದವರು ಕಡಿಮೆ.

• ಇಷ್ಟದ ಸಿನಿಮಾದ ಒಂದು ದೃಶ್ಯವನ್ನು ಸದ್ದಿಲ್ಲದೆ ಹಾಕಿ, ಪ್ರತಿ ಕಟ್ ಎಷ್ಟು ಸೆಕೆಂಡಿಗೆ ಬಂತು, ಯಾಕೆ ಬಂತು ಅಂತ ಬರೆದುಕೊಳ್ಳಿ. ಚಿತ್ರ ಬರೆಯಲು ಬರದಿದ್ದರೂ ಕಡ್ಡಿ ಗೊಂಬೆ ಸಾಕು.

• ಕರಾರು ಪತ್ರ ಓದಿ. ಗೇಮ್ ನಿಂತುಹೋದರೆ ನಿಮ್ಮ ಕೆಲಸದಲ್ಲಿ ಯಾವುದನ್ನಾದರೂ ತೋರಿಸಬಹುದೇ ಅಂತ ಸೇರುವ ಮುಂಚೆಯೇ ಕೇಳಿ. ವರ್ಷಕ್ಕೊಂದು ಸಣ್ಣ ದೃಶ್ಯವನ್ನಾದರೂ ನಿಮ್ಮದೇ ಅಂತ ಮಾಡಿಟ್ಟುಕೊಳ್ಳಿ.

• ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ನಮ್ಮ ಕ್ಷೇತ್ರದಲ್ಲಿ ಇದು ಬುದ್ಧಿಮಾತಲ್ಲ, ಸಲಕರಣೆ.

ಎಐ ಬಂದರೆ ಏನಾಗುತ್ತದೆ ಅಂತಲೂ ಕೇಳುತ್ತಾರೆ. ಮಾತಿನ ದೃಶ್ಯಗಳಿಗೆ ಮೊದಲ ಸುತ್ತಿನ ಕ್ಯಾಮೆರಾವನ್ನು ಯಂತ್ರವೇ ಇಡುವುದು ಹೊಸದಲ್ಲ. 2015ರ 'ದಿ ವಿಚರ್ 3' ಮಾಡಿದವರು ಅಂಥ ಸಲಕರಣೆ ಬಳಸಿ, ಆಮೇಲೆ ಮನುಷ್ಯರನ್ನು ಕೂರಿಸಿ ತಿದ್ದಿಸಿದ್ದರು. ನನ್ನ ಹನ್ನೊಂದು ಕಟ್‌ನ ಹಾರುವ ದೃಶ್ಯವನ್ನು ಎಐ ಇನ್ನೂ ಚೆನ್ನಾಗಿ ಮಾಡಬಹುದು. 72 ಸೆಂಟಿಮೀಟರ್ ಅಂತ ಅದಕ್ಕೆ ಯಾರಾದರೂ ಹೇಳಬೇಕು.

ಮೊದ್ಲು ಹಳ್ಳ

ದೀಪಾವಳಿ ಮುಗಿಸಿ ಮನೆ ಬಿಟ್ಟೆವು. ಹೆಂಚು ಇಳಿಸಿದರು, ಬಾಗಿಲು ಬಿಚ್ಚಿದರು. ನಾನು ಫೋಟೊ ತೆಗೆಯಲಿಲ್ಲ. ಮೂರನೇ ಕಂಬವನ್ನು ಅಪ್ಪ ಲಾರಿಯಲ್ಲಿ ಹಾಕಿಸಿಕೊಂಡು ಬಂದರು. ಯಾಕೆ ಅಂತ ಯಾರೂ ಕೇಳಲಿಲ್ಲ. ಕೊಪ್ಪದ ಹತ್ತಿರದ ಹೊಸ ಮನೆಗೆ ಕಂಬ ಬೇಕಿಲ್ಲ. ಹಿತ್ತಿಲಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದಾರೆ.

ಕಳೆದ ತಿಂಗಳು ಹೋಗಿದ್ದಾಗ ಅಜ್ಜಿಯೇ ಕೇಳಿದಳು, 'ಅದು ಇದೆಯಾ, ಮಳೆದು?' ಟ್ಯಾಬ್‌ನಲ್ಲಿ ಹಾಕಿಕೊಟ್ಟೆ. ಹೊಸ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪೂರ್ತಿ ನೋಡಿದಳು. ಛತ್ರಿ ಬಂತು. ಕಾಲು ಬಂತು. ಅಜ್ಜಿ ತಟ್ಟೆಯಿಂದ ಎಲೆ ತೆಗೆದು ಸುಣ್ಣ ಹಚ್ಚಿದಳು.

'ಸದ್ದು ತಪ್ಪಿದೆ' ಅಂದಳು.

'ಎಂಥ ತಪ್ಪಿದೆ?'

'ಮಳೆ ಸದ್ದು ಮೊದ್ಲು ಹಾಕಿದೀಯ. ಅಲ್ಲಿ ಕೂತ್ರೆ ಮೊದ್ಲು ಕೇಳೋದು ಹಳ್ಳ. ಮೇಲೆ ಕಾಡಲ್ಲಿ ಮಳೆ ಹೊಡೆದ್ರೆ ಇಲ್ಲಿ ಹನಿ ಬೀಳೋಕ್ಕಿಂತ ಮುಂಚೆ ಹಳ್ಳ ಏರ್ತದೆ. ಅದು ಕೇಳಿದ ಕೂಡ್ಲೇ ನಾನು ಬಂದು ಕೂರ್ತಿದ್ದೆ.'

ಹಳ್ಳದ ಸದ್ದನ್ನು ಜೂನ್‌ನಲ್ಲೇ ಬೇರೆಯಾಗಿ ರೆಕಾರ್ಡ್ ಮಾಡಿ ಇಟ್ಟಿದ್ದೆ. ಫೈಲ್ ಇದೆ. ಈ ಭಾನುವಾರ ಕೂತು ಸರಿ ಮಾಡಬೇಕು.